ದಂಡೆಯಲ್ಲಿ ಸರಿ, ಹೊಳೆಯಲ್ಲಿ ಬಂದ್

ಮೆಕ್ಯಾನಿಕ್ ಕೆಲಸ ಕಲಿಯಬೇಕೆಂದು ನನ್ನ ಹತ್ತಿರ ಬರುವ ಹುಡುಗರು ಮೊದಲು ಕೇಳುವುದು ಯಾವ ಕಂಪನಿಯ ಪಾನಾ, ಅಂದರೆ ಸ್ಪ್ಯಾನರ್ ಸೆಟ್ಟು, ಒಳ್ಳೆಯದು ಎಂದು. ಬೋಲ್ಟು ಸಡಿಲಾದರೆ ಆಯಿತು, ಪಾನಾ ಯಾವುದಾದರೇನು? ಬಿಚ್ಚಬೇಕೋ ಬೇಡವೋ ಎಂದು ತಿಳಿಯುವುದೇ ಈ ಕಸುಬಿನಲ್ಲಿ ಕಷ್ಟದ ಮಾತು. ಅದು ನನಗೆ ಸರಿಯಾಗಿ ತಿಳಿದದ್ದು ಗ್ಯಾರೇಜು ಬಿಟ್ಟುಕೊಡುವ ಹಿಂದಿನ ವರ್ಷ, ಕೃಷ್ಣಾ ಹೊಳೆಯ ನಟ್ಟನಡುವೆ, ಎರಡೂ ಕೈಯಲ್ಲಿ ಬೋಟಿನ ಕಂಬಿ ಹಿಡಿದು ನಡುಗುತ್ತ ಕೂತಿದ್ದಾಗ. ನಲವತ್ತು ವರ್ಷ ಎಂಜಿನ್ ಬಿಚ್ಚಿದವನು ಹೀಗೆ ಹೇಳಿಕೊಳ್ಳಲು ನಾಚಿಕೆಯಾಗಬೇಕು. ಆಗುತ್ತದೆ ಕೂಡ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ನನಗಿಂತ ದೊಡ್ಡ ಮನುಷ್ಯನೊಬ್ಬ ಇದ್ದಾನೆ.

ನಾನು ಕೆಲಸ ಕಲಿತದ್ದು ಕುಡಚಿಯಲ್ಲಿ, ಇಮಾಮಸಾಬ ಉಸ್ತಾದರ ಕೈಯಲ್ಲಿ. ಆಗ ಹೊಳೆಯ ಎರಡೂ ದಂಡೆಗೆ ಡೀಸೆಲ್ ಪಂಪುಗಳ ಸಾಲು. ಕಬ್ಬಿಗೆ ನೀರು ಬಿಡುವ ದಿನಗಳಲ್ಲಿ ಪಂಪು ನಿಂತರೆ ರೈತ ಸೈಕಲ್ ಹತ್ತಿ ಗ್ಯಾರೇಜಿಗೆ ಓಡಿಬರುತ್ತಿದ್ದ. ಉಸ್ತಾದರು ಎಂಜಿನ್ನಿನ ಹತ್ತಿರ ಹೋದವರೇ ಕೈಚೀಲ ಕೆಳಗಿಟ್ಟು, ಒಮ್ಮೆ ಹ್ಯಾಂಡಲ್ ತಿರುವಿಸಿ, ಕಣ್ಣು ಮುಚ್ಚಿ, ಕಿವಿ ಕೊಟ್ಟು ನಿಲ್ಲುತ್ತಿದ್ದರು. ಸದ್ದು ಕೇಳಿ ಮುಗಿದ ಮೇಲೆ ರೈತನ ಮಾತು ಕೇಳುತ್ತಿದ್ದರು. ಯಾವಾಗ ನಿಂತಿತು, ನಿಲ್ಲುವ ಮೊದಲು ಹೇಗೆ ಸದ್ದು ಮಾಡಿತು, ನಿಂತಾಗ ನೀನು ಏನು ಮಾಡಿದೆ. ಅದೆಲ್ಲ ಆದ ಮೇಲೆಯೇ ಚೀಲಕ್ಕೆ ಕೈ. "ಪೈಲೇ ಕಾನ, ಬಾದ್ ಮೇ ಪಾನಾ" ಎಂಬುದು ಅವರ ಮಾತು. ಮೊದಲು ಕಿವಿ, ಆಮೇಲೆ ಪಾನಾ.

ಅವರಿಲ್ಲದೆ ಒಬ್ಬನೇ ಹೋದ ಮೊದಲ ಕೆಲಸ ಕರೋಶಿಯ ಒಂದು ತೋಟದಲ್ಲಿ. ಎಂಜಿನ್ ಓಡುತ್ತಿತ್ತು, ನೀರು ಬರುತ್ತಿರಲಿಲ್ಲ. ರೈತ ಏನೋ ಹೇಳಲು ಬಂದ, ನಾನು ಕೇಳಲಿಲ್ಲ. ಹೊಸ ಮಿಸ್ತ್ರಿಯ ಗತ್ತು ನೋಡಿ! ಸಂಜೆಯ ಹೊತ್ತಿಗೆ ಇಡೀ ಎಂಜಿನ್ನು ಗೋಣಿತಟ್ಟಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಉಸ್ತಾದರು ಬಂದು ರೈತನನ್ನು ಕೇಳಿದರು. ನೀರಿನೊಳಗಿನ ಪೈಪಿನ ಬಾಯಿಗೆ ಏನೋ ಸಿಕ್ಕಂತಿದೆ, ಅದನ್ನೇ ಇವರಿಗೆ ಹೇಳಬೇಕೆಂದು ಮುಂಜಾನೆಯಿಂದ ಕಾಯುತ್ತಿದ್ದೇನೆ ಎಂದ ಅವನು. ಪೈಪು ಎತ್ತಿದರೆ ಒಳಗೊಂದು ಕಪ್ಪೆ ಸತ್ತಿತ್ತು. ಉಸ್ತಾದರು ಬಯ್ಯಲಿಲ್ಲ. ಎಂಜಿನ್ನನ್ನು ನಾನೇ ಜೋಡಿಸುವ ತನಕ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನೋಡಿದರು. ಅಂಥವರ ಕೈಯಲ್ಲಿ ಕಲಿತದ್ದು ನನ್ನ ಪುಣ್ಯ.

ಮುಂದೆ ರಾಯಬಾಗ ರಸ್ತೆಯಲ್ಲಿ ನನ್ನದೇ ಗ್ಯಾರೇಜು ಆಯಿತು. ಕರೆಂಟಿನ ಮೋಟರುಗಳು ಬಂದು ಡೀಸೆಲ್ ಪಂಪುಗಳು ಕಡಿಮೆಯಾದವು. ನಾನು ಟ್ರ್ಯಾಕ್ಟರಿಗೆ ಹೊರಳಿದೆ, ಆಮೇಲೆ ಬೋಟಿನ ಎಂಜಿನ್ನಿಗೆ. ಬೋಟಿಗೆ ಹೊರಳಿದ್ದು ಮಹಾಪೂರದ ದೆಸೆಯಿಂದ. ಹೊಳೆ ಉಕ್ಕಿ ಊರೊಳಗೆ ಬಂದಾಗ ಮಂದಿಯನ್ನು ತರಲು ಬಂದ ಯಂತ್ರದ ಬೋಟುಗಳು ಕೆಸರು, ಕಬ್ಬಿನ ಒಣ ಸೋಗೆಯ ರವದಿ ನುಂಗಿ ಒಂದಾದ ಮೇಲೊಂದು ನಿಂತವು. ದಂಡೆಯ ಮೇಲೆ ಕೂತು ಅವನ್ನು ತೊಳೆದು, ಬಿಚ್ಚಿ, ಮತ್ತೆ ಕಳಿಸುವುದು ನನ್ನ ಕೆಲಸ. ಅದನ್ನು ಚೆನ್ನಾಗಿಯೇ ಮಾಡಿದೆ.

ಲಗಮಣ್ಣ ಅಂಬಿಯನ್ನು ಮೊದಲು ನೋಡಿದ್ದು ಆಗ. ಅವನ ಮನೆತನ ಮೂರು ತಲೆಯಿಂದ ಐನಾಪುರದ ಕಡೆ ನಾವೆ ಹಾಕುವವರು. ಸೇತುವೆಯಾದ ಮೇಲೆ ನಾವೆಗೆ ಗಿರಾಕಿ ಇಲ್ಲ, ಆದರೂ ಅವನು ಅದನ್ನು ಮಾರಿರಲಿಲ್ಲ. ಯಂತ್ರದ ಬೋಟು ನಿಂತ ಕಡೆ ಅವನ ಕಟ್ಟಿಗೆಯ ನಾವೆ ಹೋಗುತ್ತಿತ್ತು. ಉದ್ದನೆಯ ಬಿದಿರ ಗಳ ಊರಿ ನೀರಿನ ಎಳೆತಕ್ಕೆ ಅಡ್ಡಡ್ಡ ಬರುತ್ತಿದ್ದ. ಮುದುಕಿಯರು, ಆಡು, ಒಮ್ಮೆ ಹೊಲಿಗೆ ಯಂತ್ರ ಎಲ್ಲ ತಂದ. ಒಂದು ಮಾತು ಹೆಚ್ಚಿಲ್ಲ, ಒಂದು ಚಹಾ ಹೆಚ್ಚಿಗೆ ಕೇಳಲಿಲ್ಲ. ಇಂಥವನ ಕೈಗೆ ಒಂದು ಒಳ್ಳೆಯ ಎಂಜಿನ್ ಸಿಗಬೇಕಲ್ಲ ಎಂದು ಆಗಲೇ ಅಂದುಕೊಂಡಿದ್ದೆ.

ಸಿಕ್ಕಿತು. ಐನಾಪುರದ ಹತ್ತಿರ ಹೊಳೆಗೆ ಹೊಂದಿದ ಜಮೀನಿನಲ್ಲಿ ದ್ರಾಕ್ಷಿ, ಕಬ್ಬು ಮಾಡಿಕೊಂಡಿದ್ದ ಅಣ್ಣಾಸಾಹೇಬ ಗೌಡರಿಗೆ ದಂಡೆಯ ಮೇಲೆ ಬೋಟಿಂಗ್ ಮಾಡುವ ಹುಕಿ ಬಂತು. ಕೆಳಗಿನ ಬ್ಯಾರೇಜಿನಿಂದಾಗಿ ಅಲ್ಲಿ ವರ್ಷದ ಬಹುಪಾಲು ನೀರು ನಿಲ್ಲುತ್ತದೆ. ಗೋವಾ ಕಡೆಯಿಂದ ಎಂಟು ಮಂದಿ ಕೂಡುವ ಒಂದು ಹಳೆಯ ಜೆಟ್ ಬೋಟು ತಂದರು. ಪುಸ್ತಕವಿಲ್ಲ, ಕಾಗದವಿಲ್ಲ. ನನ್ನನ್ನು ಕರೆಸಿ, ಇದನ್ನು ಹೊಸದರಂತೆ ಮಾಡಿಕೊಡಿ ಎಂದರು. ಓಡಿಸಲು ಲಗಮಣ್ಣನನ್ನು ಇಟ್ಟುಕೊಳ್ಳಿ ಎಂದು ಹೇಳಿದವನು ನಾನೇ.

ಜೆಟ್ ಬೋಟು ಹೇಗೆ ಹೋಗುತ್ತದೆಂದು ಹೇಳಿಬಿಡುತ್ತೇನೆ. ಹಿಂದೆ ತಿರುಗುವ ರೆಕ್ಕೆ ಇಲ್ಲ, ಚುಕ್ಕಾಣಿಯೂ ಇಲ್ಲ. ತಳದ ಜಾಳಿಗೆಯಿಂದ ನೀರು ಹೀರಿ ಹಿಂದಕ್ಕೆ ಜೋರಾಗಿ ಉಗುಳುತ್ತದೆ, ಅದರ ನೂಕಿಗೆ ಮುಂದೆ ಹೋಗುತ್ತದೆ. ಉಗುಳುವ ಬಾಯಿ ಹೊರಳಿಸಿದರೆ ಬೋಟು ಹೊರಳುತ್ತದೆ. ಅಂದರೆ ಎಂಜಿನ್ ನಿಂತರೆ ಮುಂದೆ ಹೋಗುವುದಷ್ಟೇ ಅಲ್ಲ, ತಿರುಗುವುದೂ ಬಂದ್. ಸ್ಟಿಯರಿಂಗ್ ಹಿಡಿದವನು ಎಷ್ಟು ತಿರುವಿದರೂ ನೀರು ಎಳೆದತ್ತ ಹೋಗಬೇಕು. ನಮ್ಮಲ್ಲಿ ನೀರು ಎಳೆಯುವುದು ಬ್ಯಾರೇಜಿನ ಬಾಗಿಲಿನ ಕಡೆಗೆ.

ಎರಡು ತಿಂಗಳು ದುಡಿದು ಬೋಟನ್ನು ಎಬ್ಬಿಸಿ ನಿಲ್ಲಿಸಿದೆ. ಹೊಳೆಗೆ ಇಳಿಸುವ ದಿನ ಪೂಜೆ. ಯಾವ ಎಂಜಿನ್ ಕಟ್ಟಿದರೂ ನಮ್ಮ ದೇವಿ ಮಾಯಕ್ಕನ ಭಂಡಾರದ ಅರಿಶಿನವನ್ನು ಐದು ಬೆರಳಿಂದ ಹಚ್ಚಿದ ಮೇಲೆಯೇ ಚಾಲೂ ಮಾಡುವುದು ನನ್ನ ರೂಢಿ. ಆಮೇಲೆ ಅಮಾವಾಸ್ಯೆಗೊಮ್ಮೆ ಹಚ್ಚಬೇಕು. ಉಸ್ತಾದರ ಗ್ಯಾರೇಜಿನಲ್ಲೂ ನಾನು ಭಂಡಾರ ಹಚ್ಚುತ್ತಿದ್ದೆ, ಅವರು ಪಕ್ಕದಲ್ಲಿ ಲೋಬಾನ ಹಾಕುತ್ತಿದ್ದರು. ಬೋಟಿಗೆ ಹಚ್ಚಿದ್ದು ನೀರಿಗೆ ತೊಳೆದು ಹೋಗಬಾರದೆಂದು ಭಂಡಾರವನ್ನು ಗ್ರೀಸಿನಲ್ಲಿ ಕಲಸಿದೆ. ಬೋಟಿನ ಬಲ ಮಗ್ಗುಲಲ್ಲಿ, ಅಂಚಿನ ಕೆಳಗೆ, ಗುಂಡಗೆ ಹೊಳೆಯುವ ಒಂದು ಸಣ್ಣ ಸ್ಟೀಲ್ ಬಿಲ್ಲೆ ಇತ್ತು, ಮೂಗುತಿಯ ಹಾಗೆ. ಚಂದಕ್ಕೆ ಕೂಡಿಸಿದ್ದಾರೆ ಎಂದುಕೊಂಡು ನಡುಬೆರಳು ಸರಿಯಾಗಿ ಅದರ ಮೇಲೆ ಬರುವಂತೆ ಒತ್ತಿದೆ. ಎಲ್ಲರೂ ಚೊಲೋ ಆತು ಎಂದರು.

ಒಂದು ತಿಂಗಳು ಬೋಟು ಕುದುರೆಯಂತೆ ಓಡಿತು. ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯಿಂದ ಮಂದಿ ಬರಹತ್ತಿದರು. ಲಗಮಣ್ಣ ಅದನ್ನು ಎಷ್ಟು ನಯವಾಗಿ ಓಡಿಸುತ್ತಿದ್ದನೆಂದರೆ ಎಳೆಗೂಸು ಎತ್ತಿಕೊಂಡ ಬಾಣಂತಿಯೂ ಹೆದರದೆ ಹತ್ತುತ್ತಿದ್ದಳು. ಒಂದೇ ಒಂದು ತಕರಾರು. ಅವನು ತನ್ನ ಬಿದಿರ ಗಳವನ್ನು ಬೋಟಿನ ಮಗ್ಗುಲಿಗೆ ಕಟ್ಟಿಕೊಂಡಿದ್ದ. ಇಂಥ ಚಂದದ ಬೋಟಿಗೆ ಅದೇನು ಗಳ ಎಂದು ಗೌಡರು ದಿನಾ ಗೊಣಗುತ್ತಿದ್ದರು.

ಮುಂದಿನ ಅಮಾವಾಸ್ಯೆಗೆ ಮತ್ತೆ ಭಂಡಾರ ಹಚ್ಚಿದೆ, ಹಳೆಯದರ ಮೇಲೆಯೇ, ದಪ್ಪಗೆ. ಆ ವಾರವೇ ಬೋಟು ಹೊಳೆಯ ನಡುವೆ ನಿಂತಿತು. ಒಳಗೆ ಒಂದು ಮನೆತನದ ಏಳು ಮಂದಿ. ಲಗಮಣ್ಣ ಗಳ ಬಿಚ್ಚಿ, ಎಲ್ಲಿ ನೆಲ ಸಿಗುತ್ತದೆಂದು ಗೊತ್ತಿದ್ದವನಾದ್ದರಿಂದ, ಊರುತ್ತ ದಂಡೆಗೆ ತಂದ. ಗೌಡರು ನನಗೆ ಫೋನ್ ಮಾಡಿದರು. ಹೋಗಿ ನೋಡಿದೆ, ಜಾಳಿಗೆಯಲ್ಲಿ ರವದಿ ಸಿಕ್ಕಿತ್ತು. ತೆಗೆದೆ. ಪೆಟ್ರೋಲು ಎಷ್ಟಿದೆ ಎಂದು ಟಾಕಿಯ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದೆ. ಪೈಪಿನಿಂದ ನೀರು ಕೊಟ್ಟು ದಂಡೆಯಲ್ಲೇ ಚಾಲೂ ಮಾಡಿದರೆ ಗಡಿಯಾರದಂತೆ ಓಡಿತು. ಮೂರು ದಿನದ ಮೇಲೆ ಮತ್ತೆ ನಿಂತಿತು. ಪ್ಲಗ್ ಬದಲಿಸಿದೆ, ದಂಡೆಯಲ್ಲಿ ಸರಿಯಾಗಿ ಓಡಿತು. ಮತ್ತೆ ನಿಂತಿತು. ಫಿಲ್ಟರ್ ಬಿಚ್ಚಿದೆ, ಅದರಲ್ಲಿ ಎರಡು ಹನಿ ನೀರಿತ್ತು. ಬದಲಿಸಿದೆ, ದಂಡೆಯಲ್ಲಿ ಸರಿಯಾಗಿ ಓಡಿತು. ಪ್ರತಿ ಸಲವೂ ಲಗಮಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ ಮೆಲ್ಲಗೆ ಅಂದ:

"ಮಿಸ್ತ್ರಿ, ನೀವು ದಂಡಿ ಮ್ಯಾಲ ನೋಡ್ತೀರಿ. ಅದು ದಂಡಿ ಮ್ಯಾಲ ಬಂದ್ ಬೀಳೂದಿಲ್ಲ. ಒಮ್ಮಿ ಹೊಳ್ಯಾಗ ಬಂದು ನೋಡ್ರಿ."

ಕೆಲಸ ಬಹಳ ಐತಿ ಎಂದು ಜಾರಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಈಜು ಬರುವುದಿಲ್ಲ. ನೀರು ಕಂಡರೆ ಕೈಕಾಲು ತಣ್ಣಗಾಗುತ್ತವೆ. ಇಷ್ಟು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದರೂ ಒಂದು ದಿನವೂ ಬೋಟಿನಲ್ಲಿ ಕೂತು ಹೊಳೆಗೆ ಹೋದವನಲ್ಲ. ಇದು ನನ್ನ ಹೆಂಡತಿಯನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ಇನ್ನೊಂದು ಮಾತು ಹಬ್ಬಿತು. ಬೋಟು ನಿಂತಾಗಲೆಲ್ಲ ಲಗಮಣ್ಣ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆಯುತ್ತಾನೆ, ಹೊಳೆಯ ನಡುವೆ ಅದರಲ್ಲಿ ಏನೋ ಮಾಡುತ್ತಾನೆ ಎಂದು ಬೋಟು ಹತ್ತಿದ್ದ ಯಾರೋ ಗೌಡರಿಗೆ ಹೇಳಿದ್ದರು. ಕುಡಚಿಯಿಂದ ಡಬ್ಬಿಯಲ್ಲಿ ಪೆಟ್ರೋಲ್ ತರುವವನೂ ಅವನೇ. ನಾನು ಫಿಲ್ಟರಿನಲ್ಲಿ ನೀರು ಕಂಡದ್ದನ್ನು ಗೌಡರಿಗೆ ಹೇಳಿದ್ದೆನಲ್ಲ, ಎರಡೂ ಕೂಡಿ, ಅವನು ಪೆಟ್ರೋಲು ಕದ್ದು ನೀರು ಬೆರೆಸುತ್ತಾನೆ ಎಂಬ ಗುಮಾನಿ ಎದ್ದಿತು. ಗೌಡರು ಕೆಟ್ಟವರಲ್ಲ. ಆದರೆ ಏಳೆಂಟು ಜೀವ ಕೂಡಿಸಿಕೊಂಡು ಹೋಗುವ ಬೋಟು, ಕೆಳಗೆ ಬ್ಯಾರೇಜು, ಅವರಿಗೆ ನಿದ್ದೆ ಇರಲಿಲ್ಲ. ನನ್ನನ್ನೂ ಲಗಮಣ್ಣನನ್ನೂ ದಂಡೆಯ ಮೇಲಿನ ತಗಡಿನ ಚಪ್ಪರಕ್ಕೆ ಕರೆದರು.

"ಮಿಸ್ತ್ರಿ, ಮಂದಿ ಜೀವದ ಮಾತೈತಿ. ಮಷೀನ್ ಸರಿ ಇಲ್ಲೋ, ಮನಷ್ಯಾ ಸರಿ ಇಲ್ಲೋ, ಒಂದು ಹೇಳ್ರಿ."

ಆಗ ಗೊತ್ತಾಗುತ್ತಿಲ್ಲ ಎನ್ನಬಹುದಿತ್ತು. ನಲವತ್ತು ವರ್ಷದ ಮಿಸ್ತ್ರಿಗೆ ಆ ಮಾತು ಬಾಯಿಗೆ ಬರುವುದಿಲ್ಲ ನೋಡ್ರಪ್ಪಾ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಮಷೀನ್ ಚೊಲೋ ಐತ್ರಿ ಗೌಡ್ರ" ಎಂದೆ.

ಅಷ್ಟೇ. ಅವನ ಹೆಸರು ಕೂಡ ಹೇಳಲಿಲ್ಲ, ಹೇಳುವ ಅಗತ್ಯವೂ ಉಳಿಯಲಿಲ್ಲ. ಲಗಮಣ್ಣ ನನ್ನ ಮುಖವನ್ನು ಒಮ್ಮೆ ನೋಡಿ, ಬೋಟಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಹೊರಡುವ ಮೊದಲು ಗೌಡರಿಗೆ ಒಂದೇ ಮಾತು ಕೇಳಿದ, ಗಳ ಬೋಟಿನಲ್ಲೇ ಇರಲಿ ಎಂದು. ಗೌಡರು ಅದನ್ನೂ ತೆಗೆದುಕೊಂಡು ಹೋಗು ಎಂದರು. ಅವನು ಗಳ ಹೆಗಲ ಮೇಲಿಟ್ಟುಕೊಂಡು ದಂಡೆ ಹಿಡಿದು ನಡೆದು ಹೋದ. ಆ ವಾರ ನನಗೆ ಊಟ ರುಚಿಸಲಿಲ್ಲ. ಆದರೂ ತಪ್ಪು ನನ್ನದೆಂದು ಇನ್ನೂ ಅನಿಸಿರಲಿಲ್ಲ.

ಹೊಸ ಡ್ರೈವರ್ ಬಂದ ನಾಲ್ಕನೆಯ ದಿನವೇ ಬೋಟು ಮತ್ತೆ ನಿಂತಿತು. ಅವನು ಕೀಲಿ ತಿರುವುತ್ತ ಕೂತ. ಗಳ ಇರಲಿಲ್ಲ. ಐದು ಮಂದಿಯನ್ನು ಹೊತ್ತ ಬೋಟು ಬ್ಯಾರೇಜಿನ ಕಡೆ ತೇಲುತ್ತ ಹೋಗಿ, ದೈವಕ್ಕೆ, ದಂಡೆಯಂಚಿನ ಅಂತರಗಂಗೆ ಕಳೆಯಲ್ಲಿ ಸಿಕ್ಕಿ ನಿಂತಿತು. ದಂಡೆಯಲ್ಲಿದ್ದವರು ಕೂಗಿದ್ದು ಕೇಳಿ ತನ್ನ ನಾವೆ ತಂದು ಅವರನ್ನೆಲ್ಲ ಇಳಿಸಿಕೊಂಡವನು ಲಗಮಣ್ಣ. ಇಳಿಸಿ, ಬೋಟನ್ನೂ ಎಳೆದು ತಂದು ಗೂಟಕ್ಕೆ ಕಟ್ಟಿ, ಯಾರ ಜೊತೆಯೂ ಮಾತಾಡದೆ ಮನೆಗೆ ಹೋದನಂತೆ.

ಗೌಡರು ಕೊಲ್ಲಾಪುರದಿಂದ ಒಬ್ಬ ಎಂಜಿನಿಯರ್ ಹುಡುಗಿಯನ್ನು ಕರೆಸಿದರು. ಅವಳು ಪುಸ್ತಕದಷ್ಟು ಅಗಲದ ಸ್ಕ್ಯಾನರ್ ಹಚ್ಚಿದಳು. ನಾನು ಕೈಕಟ್ಟಿ ನಿಂತು ನೋಡಿದೆ. ನಾವು ಎರಡು ದಿನ ಮೂಸಿ ನೋಡಿ ಹೇಳುತ್ತಿದ್ದುದನ್ನು ಅದು ಎರಡು ನಿಮಿಷದಲ್ಲಿ ಹೇಳುತ್ತದೆ, ಸುಳ್ಳಲ್ಲ. ಬೋಟು ನಿಲ್ಲುವ ಮೊದಲು ಪೆಟ್ರೋಲಿನ ಒತ್ತಡ ಇಳಿದದ್ದು ಅದರ ನೆನಪಿನಲ್ಲಿ ದಾಖಲಾಗಿತ್ತು. ಪಂಪು ಬದಲಿಸಿದರು. ಮರುದಿನ ಬೋಟು ಮತ್ತೆ ನಿಂತಿತು. ಆ ಹುಡುಗಿ ನನ್ನ ಹಾಗೆ ಹಟ ಮಾಡಲಿಲ್ಲ. ಒತ್ತಡ ಇಳಿಯುತ್ತದೆ ಎಂದು ಇದು ಹೇಳುತ್ತದೆ ಕಾಕಾ, ಯಾಕೆ ಇಳಿಯುತ್ತದೆ ಎಂದು ಹೇಳುವುದಿಲ್ಲ, ಅದು ನಿಂತಾಗ ಜೊತೆಗಿದ್ದವರನ್ನು ಕೇಳಬೇಕು ಎಂದು ಮರಾಠಿಯಲ್ಲಿ ಹೇಳಿದಳು. ಅವಳ ವಯಸ್ಸಿಗೆ ನಾನು ಕರೋಶಿಯಲ್ಲಿ ಎಂಜಿನ್ ಹರವಿ ಕೂತಿದ್ದೆ. ಉಸ್ತಾದರ ಮಾತನ್ನು ಆ ಹುಡುಗಿಯ ಬಾಯಲ್ಲಿ ಕೇಳಬೇಕಾಯಿತು.

ಲಗಮಣ್ಣನ ಮನೆಗೆ ಹೋದೆ. ಅವನು ಅಂಗಳದಲ್ಲಿ ನಾವೆಗೆ ಡಾಂಬರು ಹಚ್ಚುತ್ತಿದ್ದ. ಹೆಂಡತಿ ಚಹಾ ಕೊಟ್ಟಳು, ಆದರೆ ನನ್ನ ಕಡೆ ನೋಡಲಿಲ್ಲ. ಬೋಟು ನಿಲ್ಲುವುದು ಹೇಗೆ, ಮೊದಲಿಂದ ಹೇಳು ಎಂದು ಕೇಳಿದೆ. ಬಾಯಲ್ಲಿ ಹೇಳಿದರೆ ನಿಮಗೆ ಖಾತ್ರಿ ಆಗುವುದಿಲ್ಲ, ಬರ್ರಿ ಎಂದು ಎದ್ದು ಗಳ ಹೆಗಲಿಗೇರಿಸಿದ. ಗೌಡರ ಒಪ್ಪಿಗೆ ಪಡೆದು, ಕೇಸರಿ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು, ಮಾಯಕ್ಕನನ್ನು ನೆನೆದು ಬೋಟು ಹತ್ತಿದೆ. ದಂಡೆ ದೂರವಾಗುತ್ತ ಹೋಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎನಿಸಿತು.

"ಲಗಮಣ್ಣ, ನನಗ ಈಸಾಕ ಬರೂದಿಲ್ಲೋ."

"ಗೊತ್ತೈತ್ರಿ. ಮಹಾಪೂರದಾಗ ನೋಡೀನಿ. ಅಷ್ಟು ದಿನದಾಗ ನೀವು ಮೊಳಕಾಲು ಸೈತ ತೊಯ್ಸಿಲ್ಲ" ಎಂದ, ಮುಂದೆ ನೋಡುತ್ತಲೇ.

ಅವನಿಗೆ ಇದು ಗೊತ್ತಿತ್ತು. ತಗಡಿನ ಚಪ್ಪರದಲ್ಲಿ ಕೀಲಿ ಇಡುವಾಗಲೂ ಗೊತ್ತಿತ್ತು. ಈ ಮಿಸ್ತ್ರಿ ಹೊಳೆಗೆ ಇಳಿಯಲು ಅಂಜುತ್ತಾನೆ ಗೌಡ್ರ, ದಂಡೆಯಲ್ಲೇ ನೋಡಿ ಸರ್ಟಿಫಿಕೇಟ್ ಕೊಡುತ್ತಾನೆ ಎಂದು ಒಂದು ಮಾತು ಅಂದಿದ್ದರೆ ಅವನ ಕೆಲಸ ಉಳಿಯುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ಅವನು ಅನ್ನಲಿಲ್ಲ. ನಾನು ದೊಡ್ಡ ದೊಡ್ಡ ಮನೆತನದವರನ್ನು, ಸಾಹೇಬರನ್ನು ಕಂಡಿದ್ದೇನೆ. ಇಷ್ಟು ದೊಡ್ಡ ಗುಣ ಕಂಡದ್ದು ಅದೊಂದೇ ಸಲ.

ಎರಡನೆಯ ಸುತ್ತು ತಿರುವಿಗೆ ಬರುವಾಗ ಎಂಜಿನ್ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿ ನಿಂತಿತು. ಬೋಟು ತನ್ನಷ್ಟಕ್ಕೆ ಅಡ್ಡ ತಿರುಗಿತು. ನಾನು ಕಂಬಿ ಹಿಡಿದೆ. ಲಗಮಣ್ಣ ಗಳ ಊರಿ ಬೋಟನ್ನು ಹಿಡಿದು ನಿಲ್ಲಿಸಿ, ಈಗ ಕಿವಿ ಕೊಡ್ರಿ ಎಂದ. ಒಂದು ಕೈಯಲ್ಲಿ ಗಳ, ಇನ್ನೊಂದರಲ್ಲಿ ಟಾಕಿಯ ಮುಚ್ಚಳ ತಿರುವಿದ. ಸುಂಯ್ ಎಂದು ಒಂದು ಉದ್ದನೆಯ ಸದ್ದು, ಮುಳುಗಿದವನು ಮೇಲೆ ಬಂದು ಉಸಿರು ಎಳೆದ ಹಾಗೆ. ಮುಚ್ಚಳ ಹಾಕಿ ಕೀಲಿ ತಿರುವಿದ. ಎಂಜಿನ್ ಚಾಲೂ.

ಕಂಬಿ ಬಿಟ್ಟು ಎದ್ದು ನಿಂತೆ. ಟಾಕಿಗೆ ಗಾಳಿ ಇಲ್ಲ! ಪೆಟ್ರೋಲು ಹೋದಷ್ಟು ಜಾಗಕ್ಕೆ ಗಾಳಿ ಬರಬೇಕು, ಇಲ್ಲದಿದ್ದರೆ ಒಳಗಿನ ಸೆಳೆತಕ್ಕೆ ಪಂಪು ಸೋಲುತ್ತದೆ. ದಂಡೆಯಲ್ಲಿ ನಾನು ಪ್ರತಿ ಸಲ ಮುಚ್ಚಳ ತೆಗೆದು ಕಡ್ಡಿ ಇಳಿಸುತ್ತಿದ್ದೆ, ನನ್ನ ಕೈಯಿಂದಲೇ ಅದಕ್ಕೆ ಗಾಳಿ ಕೊಟ್ಟು, ಎಂಜಿನ್ ಸರಿ ಇದೆ ಎನ್ನುತ್ತಿದ್ದೆ. ಅದೇ ಕೆಲಸವನ್ನು ಹೊಳೆಯಲ್ಲಿ ಮಾಡಿದವನನ್ನು ಕಳ್ಳ ಮಾಡಿದ್ದೆ. ಪಂಪ್‌ಸೆಟ್ಟಿನಲ್ಲಿ ಗಾಳಿಯ ತೂತು ಮುಚ್ಚಳದಲ್ಲೇ ಇರುತ್ತದೆ. ಇಲ್ಲಿ ಮುಚ್ಚಳದಲ್ಲಿ ತೂತಿಲ್ಲ. ಹಾಗಾದರೆ ಇದು ಉಸಿರಾಡುವುದು ಎಲ್ಲಿಂದ? ಸೀಟಿನ ಕೆಳಗೆ ಬಗ್ಗಿ, ಟಾಕಿಯಿಂದ ಹೊರಟ ಬೆರಳು ದಪ್ಪದ ಪೈಪನ್ನು ಕೈಯಲ್ಲಿ ಹಿಡಿದು ಹೋದೆ. ಅದು ಬಲ ಮಗ್ಗುಲಿಗೆ ಹೋಗಿ, ಅಂಚಿನ ಕೆಳಗೆ ಹೊರಗೆ ಹೊಕ್ಕಿತ್ತು. ಹೊಟ್ಟೆಯ ಮೇಲೆ ಮಲಗಿ ಹೊರಗೆ ಬಗ್ಗಿ ನೋಡಿದೆ. ನನ್ನ ಐದು ಬೆರಳು. ನಡುಬೆರಳಿನ ಅಡಿಯಲ್ಲಿ ಆ ಮೂಗುತಿ, ಗ್ರೀಸು ಭಂಡಾರ ಗಟ್ಟಿಯಾಗಿ ಕಲ್ಲಾಗಿತ್ತು.

ಉಗುರಿನಿಂದ ಕೆರೆದೆ. ಒಳಗೆ ಸಣ್ಣ ಜಾಳಿಗೆ, ಅದರ ಕಣ್ಣುಕಣ್ಣಿಗೂ ಭಂಡಾರ. ತೆಗೆದಷ್ಟನ್ನೂ ಹಣೆಗೆ ಒತ್ತಿಕೊಂಡೆ. ಹೊಳೆಯ ಮೇಲೆ, ಅಂಜಿಕೆ ಮರೆತು, ಎಚ್ಚರವಿಲ್ಲದೆ ಅತ್ತುಬಿಟ್ಟೆ. ಆಮೇಲೆ ನಾಲ್ಕು ಸುತ್ತು ಹೊಡೆದೆವು, ಬೋಟು ನಿಲ್ಲಲಿಲ್ಲ.

ದಂಡೆಗೆ ಬಂದಾಗ ಗೌಡರೂ ಕೆಲಸದವರೂ, ಬೋಟು ಹತ್ತಲು ಬಂದ ಹತ್ತಾರು ಮಂದಿಯೂ ನಿಂತಿದ್ದರು. ಗೌಡರನ್ನು ಮರೆಗೆ ಕರೆದು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಆದರೆ ಲಗಮಣ್ಣನ ಹೆಸರು ಕೆಟ್ಟದ್ದು ಮರೆಯಲ್ಲಲ್ಲ. ಎಲ್ಲರಿಗೂ ಕೇಳುವಂತೆ ಅಂದೆ:

"ಗೌಡ್ರ, ಮಷೀನ್ ಚೊಲೋ ಐತಿ ಅಂದಿದ್ದೆ. ಸುಳ್ಳು. ಬೋಟಿನ ಉಸಿರು ಕಟ್ಟಿದ್ದು ನನ್ನ ಕೈ. ಇವಾ ಮುಚ್ಚಳ ತಗದು ಅಷ್ಟೂ ಮಂದಿ ಜೀವ ಉಳಿಸ್ಯಾನ."

ಗೌಡರು ಚಪ್ಪರದೊಳಗೆ ಹೋಗಿ ಕೀಲಿಗಳ ಗೊಂಚಲಿನಿಂದ ಬೋಟಿನ ಎರಡನೆಯ ಕೀಲಿಯನ್ನೂ ಬಿಚ್ಚಿ ತಂದು, ಎರಡೂ ಕೈಯಿಂದ ಲಗಮಣ್ಣನಿಗೆ ಕೊಟ್ಟರು. ಅವರಂಥ ಮನೆತನದವರು ಎರಡೂ ಕೈ ಮುಂದೆ ಮಾಡಿದ್ದು ಸಣ್ಣ ಮಾತಲ್ಲ. ಲಗಮಣ್ಣ ತೆಗೆದುಕೊಳ್ಳುವ ಮೊದಲು ಎರಡು ಕರಾರು ಹಾಕಿದ. ಗಳ ಬೋಟಿನಲ್ಲೇ ಇರಬೇಕು. ಮಿಸ್ತ್ರಿ ರಿಪೇರಿ ಮಾಡಿದ ದಿನ ಮಿಸ್ತ್ರಿಯೇ ಮೊದಲ ಸುತ್ತು ಬೋಟಿನಲ್ಲಿ ಕೂಡಬೇಕು. ಎರಡನೆಯದನ್ನು ಹೇಳುವಾಗ ಅವನ ಮೀಸೆಯೊಳಗೆ ನಗು ಇತ್ತು. ಗ್ಯಾರೇಜು ಬಿಡುವ ತನಕ ಹಾಗೇ ಕೂತೆ, ಕಂಬಿ ಹಿಡಿದುಕೊಂಡೇ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಸ್ಕ್ಯಾನರ್ ಕಲಿಯಿರಿ, ಅದು ಒಳ್ಳೆಯದು. ಆದರೆ ಎಂಜಿನ್ ನಿಲ್ಲುವ ಜಾಗಕ್ಕೆ ನೀವೇ ಹೋಗಿ. ನಿಂತಾಗ ಜೊತೆಗಿದ್ದವನನ್ನು ಕೇಳಿ, ಅವನು ಓದದವನಾದರೂ ಕೇಳಿ. ಗೊತ್ತಾಗದಿದ್ದರೆ ಗೊತ್ತಿಲ್ಲ ಎನ್ನಿ, ಅದರಿಂದ ಯಾರ ಕೆಲಸವೂ ಹೋಗುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನು ಪೂಜೆಗೆ ಹೋಗಬಾರದೆಂದಿದ್ದೆ. ಲಗಮಣ್ಣನೇ ಮನೆಗೆ ಬಂದು ಕರೆದುಕೊಂಡು ಹೋದ. ಕಾಯಿ ಒಡೆದಾಯಿತು, ಊದುಬತ್ತಿ ಬೆಳಗಿಯಾಯಿತು. ಭಂಡಾರದ ಬಟ್ಟಲು ಹಿಡಿದು ನಿಂತೆ, ಕೈ ಮುಂದೆ ಹೋಗಲಿಲ್ಲ. ಅವನು ನನ್ನ ಮುಂಗೈ ಹಿಡಿದು, ಬೋಟನ್ನು ದಾಟಿಸಿ, ಅದರ ಮಗ್ಗುಲಿಗೆ ಕಟ್ಟಿದ್ದ ಬಿದಿರ ಗಳದ ಮೇಲೆ ಇಟ್ಟ.

"ಇದಕ್ಕ ಹಚ್ರಿ ಮಿಸ್ತ್ರಿ. ಇದು ಉಸಿರಾಡೂದಿಲ್ಲ."

ಐದೂ ಬೆರಳಿಂದ ಹಚ್ಚಿದೆ.